ಸನ್ನದು ಸಿಗುವ ಮೊದಲೇ ಗ್ರಾಹಕರ ಕೆಲಸ: ನನ್ನ ಅನುಭವ

ಕಾನೂನು ಓದುವ ಹುಡುಗ ಹುಡುಗಿಯರು ಧಾರವಾಡದ ನನ್ನ ಕಚೇರಿಗೆ ಬಂದಾಗ ಬಹಳ ಸಲ ಒಂದೇ ಪ್ರಶ್ನೆ ಕೇಳುತ್ತಾರೆ: ವಕೀಲಿಕೆಯ ಸನ್ನದು ಕೈಗೆ ಬರುವವರೆಗೆ ನಾವು ಮಾಡಬಹುದಾದ ನಿಜವಾದ ಕೆಲಸ ಯಾವುದು? ಗ್ರಾಹಕರ ದೂರುಗಳು ಎಂದು ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಗ ನಾನು ಕೆಲಸ ಕಲಿತದ್ದು ಅಂಥ ದೂರುಗಳಿಂದಲೇ. ಗ್ರಾಹಕರ ಆಯೋಗದ ಮುಂದೆ ದೂರುದಾರರು ವಕೀಲರಿಲ್ಲದೆ ತಾವೇ ನಿಂತು ಮಾತನಾಡಬಹುದು. ವಿದ್ಯಾರ್ಥಿ ವಕಾಲತ್ತು ಹಾಕುವಂತಿಲ್ಲ, ನಿಜ. ಆದರೆ ಮಾತನಾಡಬೇಕಾದವರನ್ನು ಸಜ್ಜುಗೊಳಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಮೊದಲು ಜಿಲ್ಲಾ ಆಯೋಗಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ವಿಚಾರಣೆ ಮುಕ್ತವಾಗಿಯೇ ನಡೆಯುತ್ತದೆ. ವಿಮೆ ಕ್ಲೇಮು ತಿರಸ್ಕಾರ, ಬಡಾವಣೆಯವರು ಕೊಡದ ನಿವೇಶನ, ಕೆಟ್ಟ ಮೊಬೈಲ್, ಬೆಳೆ ವಿಮೆ. ನಮ್ಮ ಭಾಗದ ಜನರ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಆಯೋಗದ ಆದೇಶಗಳು ಅಂತರ್ಜಾಲದಲ್ಲಿ ಸಿಗುತ್ತವೆ, ಓದಿ. ಗೆದ್ದವುಗಳಿಗಿಂತ ವಜಾ ಆದ ದೂರುಗಳನ್ನು ಹೆಚ್ಚು ಓದಿ. ಎರಡು ವರ್ಷದ ಕಾಲಮಿತಿ ದಾಟಿದ್ದು, ಬಿಲ್ ಇಲ್ಲದ್ದು, ಸಂಬಂಧವಿಲ್ಲದವರನ್ನು ಎದುರುದಾರರನ್ನಾಗಿ ಮಾಡಿದ್ದು, ಇಂಥ ಕಾರಣಗಳಿಗೇ ನ್ಯಾಯವಾದ ದೂರುಗಳು ಬಿದ್ದುಹೋಗುತ್ತವೆ.

ನಮ್ಮ ಕಾಲೇಜಿನ ಕಾನೂನು ನೆರವು ಘಟಕ ಹಳ್ಳಿಗಳಲ್ಲಿ ಶಿಬಿರ ನಡೆಸುತ್ತಿತ್ತು. ಬರೀ ಭಾಷಣ ಮಾಡಿ ಬರುವ ಶಿಬಿರದಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಜನ ಬಾಯಿ ಬಿಡುವುದು ಭಾಷಣ ಮುಗಿದು ಕುರ್ಚಿ ಮಡಚುವಾಗ. ಶಿಗ್ಗಾವಿ ಕಡೆಯ ರೈತರೊಬ್ಬರು ನನ್ನ ಬಳಿ ಬಂದದ್ದು ಅಂಥ ಹೊತ್ತಿನಲ್ಲೇ. ಗೋವಿನಜೋಳ ಆಳೆತ್ತರ ಬೆಳೆದಿತ್ತು, ತೆನೆಯಲ್ಲಿ ಕಾಳು ಕಟ್ಟಿರಲಿಲ್ಲ. ಬೀಜ ಮಾರಿದ ಅಂಗಡಿಯವರು ಮಳೆಯ ಮೇಲೆ ಹಾಕಿ ಕೈತೊಳೆದುಕೊಂಡಿದ್ದರು.

ನಾನು ಮೊದಲು ಹೇಳಿದ್ದು, "ಯಜಮಾನರೇ, ಬೆಳೆ ಕೀಳಬೇಡಿ." ಬೆಳೆ ಹೊಲದಲ್ಲಿ ನಿಂತಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ದೂರು ಕೊಡಿಸಿದೆವು. ಅಧಿಕಾರಿಗಳು ಹೊಲಕ್ಕೆ ಬಂದು ನೋಡಿ ವರದಿ ಬರೆದರು. ಬೀಜದ ಬಿಲ್, ಲಾಟ್ ನಂಬರ್ ಇದ್ದ ಖಾಲಿ ಚೀಲ, ಹೊಲದ ಉತಾರ (ಪಹಣಿ), ಫೋಟೊ ಎಲ್ಲವೂ ಒಂದು ಕಡತಕ್ಕೆ ಬಂದವು. ಬೀಜ ಮಾತ್ರ ಒಂದು ಕಾಳೂ ಉಳಿದಿರಲಿಲ್ಲ. ಕಂಪನಿಯವರ ಉತ್ತರದಲ್ಲಿ ಅದೇ ದೊಡ್ಡದಾಗಿತ್ತು: ಪ್ರಯೋಗಾಲಯದ ವರದಿ ಇಲ್ಲದೆ ದೋಷ ಸಾಬೀತಾಗದು. ಈ ಮಾತಿಗೆ ಸುಪ್ರೀಂ ಕೋರ್ಟ್ 2012ರಲ್ಲೇ, ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ, ಉತ್ತರ ಕೊಟ್ಟಿದೆ. ಬೀಜ ಕೊಂಡ ರೈತನೂ ಗ್ರಾಹಕನೇ. ಮುಂದೆ ಪರೀಕ್ಷೆಗೆ ಬೇಕಾದೀತೆಂದು ಅವನು ಬಿತ್ತುವ ಬೀಜದಲ್ಲಿ ಒಂದು ಪಾಲು ತೆಗೆದಿಡಬೇಕೆಂದು ನಿರೀಕ್ಷಿಸುವಂತಿಲ್ಲ. ಆ ತೀರ್ಪನ್ನು ತರಗತಿಯಲ್ಲಿ ಕೇಳಿದ್ದೆ. ಅದರ ಬೆಲೆ ತಿಳಿದದ್ದು ಆ ಖಾಲಿ ಚೀಲದ ಎದುರು ಕುಳಿತಾಗ.

ದೂರು ಬರೆಯುವ ಮೊದಲು ಒಂದು ಹಾಳೆಯಲ್ಲಿ ತಾರೀಖಿನ ಪಟ್ಟಿ ಮಾಡುವುದು ಇಂದಿಗೂ ನನ್ನ ರೂಢಿ. ಯಾವ ದಿನ ಏನಾಯಿತು, ಅದಕ್ಕೆ ಯಾವ ಕಾಗದವಿದೆ, ಅಷ್ಟೇ. ಕಾಗದವಿಲ್ಲದ ಸಾಲು ಎದ್ದು ಕಾಣುತ್ತದೆ. ಮಳೆಯ ವಾದ ಬಂದೇ ಬರುತ್ತದೆಂದು ಆ ಪಟ್ಟಿಯೇ ಎಚ್ಚರಿಸಿತು. ಬದುವಿನಾಚೆ ಬೇರೆ ಬೀಜ ಬಿತ್ತಿ ಒಳ್ಳೆಯ ಬೆಳೆ ತೆಗೆದಿದ್ದ ನೆರೆಯವರಿಂದ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿದೆವು. ದೂರನ್ನು ಕನ್ನಡದಲ್ಲೇ ಬರೆದೆವು, ಆ ರೈತರು ಹೇಳಿದ ಕ್ರಮದಲ್ಲೇ. ಬರೆದದ್ದನ್ನು ಓದಿ ಹೇಳಿದಾಗ ಅವರು ಎರಡು ಕಡೆ ತಿದ್ದಿಸಿದರು. ಕಂಪನಿ ದೂರದ ಊರಿನದು. ಆದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ಹಾವೇರಿ ಆಯೋಗದಲ್ಲೇ ಸಲ್ಲಿಸಿದೆವು. ಸರಕಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ. ವಿಚಾರಣೆಯ ದಿನ ಮಳೆಯ ಮಾತು ಬಂದಾಗ ಆ ರೈತರು ಯಾರ ಮುಖವನ್ನೂ ನೋಡದೆ, "ನನ್ನ ಹೊಲಕ್ಕೆ ಬೀಳದ ಮಳೆ ಬದುವಿನಾಚೆ ಬಿತ್ತೇ ಸಾಹೇಬರೇ?" ಎಂದು ಕೇಳಿದರು. ನಾನು ಹಿಂದೆ ಕುಳಿತಿದ್ದೆ. ಆದೇಶ ಅವರ ಪರವಾಗಿ ಬಂತು.

ಮತ್ತೊಂದು ಬಗೆಯ ಪ್ರಕರಣ ಹುಬ್ಬಳ್ಳಿಯಲ್ಲಿ ಮೇಲಿಂದ ಮೇಲೆ ಬರುತ್ತದೆ. ಮನೆಯಲ್ಲೇ ಹೊಲಿಗೆ ಮಾಡುವ ಅಕ್ಕನೊಬ್ಬರು ಕೊಂಡ ಕಸೂತಿ ಯಂತ್ರ ಕೆಟ್ಟಿತು. ವ್ಯಾಪಾರಕ್ಕೆ ಕೊಂಡದ್ದು, ಆದ್ದರಿಂದ ನೀವು ಗ್ರಾಹಕರೇ ಅಲ್ಲ ಎಂದು ಮಾರಿದವರು ಹೇಳಿದರು. ಹೊಟ್ಟೆಪಾಡಿಗಾಗಿ, ಸ್ವಯಂ ಉದ್ಯೋಗಕ್ಕಾಗಿ ಕೊಂಡು ತಾವೇ ಬಳಸುವವರು ಗ್ರಾಹಕರೇ ಎಂದು ಕಾಯ್ದೆಯ ಸೆಕ್ಷನ್ 2(7)ರ ವಿವರಣೆ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನೋಟಿಸಿನಲ್ಲಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ ಮೇಲೆ ಯಂತ್ರ ಬದಲಾಯಿತು, ಆಯೋಗದ ಮೆಟ್ಟಿಲು ಹತ್ತಬೇಕಾಗಲಿಲ್ಲ. ಸಣ್ಣ ಮೊತ್ತದ ತಕರಾರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಸಿ. ಆನ್‌ಲೈನ್ ದೂರಿಗೆ 2025ರ ಜನವರಿಯಿಂದ ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣವಿದೆ. ಮೊಬೈಲಿನಲ್ಲಿ ಅದನ್ನು ತುಂಬಿಕೊಡುವುದೂ ವಿದ್ಯಾರ್ಥಿಯ ಕೆಲಸವೇ.

ಗೆರೆಗಳು ಕೆಲವಿವೆ, ಅವನ್ನು ದಾಟಬಾರದು. ವಕೀಲರೆಂದು ಹೇಳಿಕೊಳ್ಳಬೇಡಿ, ಹಣ ಮುಟ್ಟಬೇಡಿ, ಬರೆದದ್ದನ್ನು ಅಧ್ಯಾಪಕರಿಗೋ ಹಿರಿಯ ವಕೀಲರಿಗೋ ತೋರಿಸದೆ ಕೊಡಬೇಡಿ. ಆಸ್ಪತ್ರೆಯ ನಿರ್ಲಕ್ಷ್ಯದಂಥ ಪ್ರಕರಣಕ್ಕೆ ತಜ್ಞರ ಸಾಕ್ಷ್ಯ ಬೇಕಾಗುತ್ತದೆ, ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಪ್ಪಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ಆದೇಶ ಬಂದ ಮೇಲೆ ವಿದ್ಯಾರ್ಥಿಗಳು ಕಾಣೆಯಾಗುವುದು ನನಗೆ ಬಹಳ ನೋವು ತರುತ್ತದೆ. ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು 45 ದಿನ ಅವಕಾಶವಿದೆ. ಅದು ಮುಗಿದ ಮೇಲೂ ಹಣ ಬರದಿದ್ದರೆ ಸೆಕ್ಷನ್ 71ರ ಅಡಿ ಅಮಲ್ಜಾರಿ ಅರ್ಜಿ, ಎಂದರೆ ಆದೇಶ ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಬೇಕು; ಆದೇಶ ಪಾಲಿಸದವರಿಗೆ ಸೆಕ್ಷನ್ 72ರಲ್ಲಿ ಜೈಲು ಶಿಕ್ಷೆಯೂ ಇದೆ. ಇದು ದೂರುದಾರರಿಗೆ ಗೊತ್ತಿರುವುದಿಲ್ಲ. ಅಷ್ಟರಲ್ಲಿ ನಿಮ್ಮ ಪರೀಕ್ಷೆ ಮುಗಿದು ಊರಿಗೆ ಹೊರಟಿದ್ದರೆ, ಕಡತವನ್ನು ಕೆಳಗಿನ ತರಗತಿಯವರ ಕೈಗೆ ಕೊಟ್ಟು, ಮುಂದಿನ ತಾರೀಖನ್ನೂ ದೂರುದಾರರ ಫೋನ್ ನಂಬರನ್ನೂ ಮೊದಲ ಹಾಳೆಯಲ್ಲಿ ಬರೆದು ಹೋಗಿ.