ಹೊಸ ನಾಣ್ಯ ಕೊಳ್ಳುವ ಮುನ್ನ ಒಂದು ಸಲಹೆ

ಚಲಾವಣೆಗೆ ಬಾರದ ಸ್ಮರಣಾರ್ಥ ನಾಣ್ಯಗಳನ್ನು ಕೊಳ್ಳುವವರು ಅವನ್ನು ಒಂದೇ ದೀಪದ ಕೆಳಗೆ, ಅಂಚನ್ನಷ್ಟೇ ಹಿಡಿದು, ನಿಧಾನವಾಗಿ ಓರೆ ಮಾಡಿ ನೋಡಬೇಕು. ಟಂಕಿಸಿದಾಗಿನ ಮೂಲ ಹೊಳಪು ಉಳಿದಿದ್ದರೆ ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದ ಅರಗಳಂತೆ ಸುತ್ತುತ್ತದೆ. ಉಜ್ಜಿ ತೊಳೆದ ನಾಣ್ಯ ಎಷ್ಟೇ ಫಳಫಳಿಸಿದರೂ ಈ ಚಲನೆ ಕಾಣುವುದಿಲ್ಲ. ಹುಣಸೆಹಣ್ಣಿನಿಂದ ತಿಕ್ಕಿ ನಾನೇ ಒಂದು ಒಳ್ಳೆಯ ನಾಣ್ಯವನ್ನು ಕೆಡಿಸಿಕೊಂಡಿದ್ದೇನೆ.

ಟಂಕಸಾಲೆಯ ಚೀಲದಲ್ಲಿ ನಾಣ್ಯಗಳು ಪರಸ್ಪರ ತಾಗಿ ಬೀಳುವ ಸಣ್ಣ ಗೀರುಗಳು ಸವೆತವಲ್ಲವಾದರೂ, ಸವೆಯದ ನಾಣ್ಯಗಳಿಗೆ ಕೊಡುವ 60ರಿಂದ 70ರವರೆಗಿನ ಗುಣಮಟ್ಟದ ದರ್ಜೆಯಲ್ಲಿ ಅಂಕ ಇಳಿಯುವುದು ಬಹುಮಟ್ಟಿಗೆ ಅವುಗಳಿಂದಲೇ, ಅದರಲ್ಲೂ ಭಾವಚಿತ್ರದ ಕೆನ್ನೆಯ ಮೇಲಿದ್ದರೆ. ಇಸವಿಯ ಕೆಳಗಿನ ಟಂಕಸಾಲೆಯ ಗುರುತನ್ನೂ ಗಮನಿಸಿ: ವಜ್ರಾಕೃತಿ ಮುಂಬೈಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು, ಗುರುತಿಲ್ಲದ್ದು ಕೋಲ್ಕತ್ತದ್ದು. ಒಂದೇ ವರ್ಷದ ನಾಣ್ಯಕ್ಕೂ ಟಂಕಸಾಲೆಯನ್ನನುಸರಿಸಿ ಬೆಲೆ ಬದಲಾಗಬಹುದು.

ಚಿಕ್ಕಮಗಳೂರಿನ ಮಳೆಗಾಲದ ತೇವದಲ್ಲಿ ಅಗ್ಗದ ಪಿವಿಸಿ ಪ್ಲಾಸ್ಟಿಕ್ ಚೀಲಗಳು ನಾಣ್ಯದ ಮೇಲೆ ಹಸಿರು ಜಿಗುಟನ್ನು ಬಿಡುತ್ತವೆಯಾದ್ದರಿಂದ, ಮೈಲಾರ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಹೊದಿಕೆಯಲ್ಲಿಟ್ಟು ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡುವುದು ಕ್ಷೇಮ. ಟಂಕಸಾಲೆಯ ಮೂಲ ಪೊಟ್ಟಣವಿದ್ದರೆ ಒಡೆಯಲೇಬೇಡಿ.