ಪಾಠಕ್ಕೊಂದು ಲಿಂಕ್, ತರಗತಿಗೊಂದು ಬ್ಲಾಗ್

ಶಾಲೆಯಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದ್ದರೆ ಈ ಲೇಖನದ ಎರಡೂ ಕೆಲಸ ಮಾಡಬಹುದು: ನೆಟ್‌ನಲ್ಲಿ ಸಿಗುವುದನ್ನು ಪಾಠಕ್ಕೆ ಬಳಸುವುದು, ಮಕ್ಕಳ ಬರಹ ಹಾಕುವ ತರಗತಿಯ ಬ್ಲಾಗ್ (ನೆಟ್‌ನಲ್ಲಿನ ಬರಹದ ಪುಟ) ನಡೆಸುವುದು. ಅದೂ ಇಲ್ಲದಿದ್ದರೆ ಟೀಚರ್ ಕೈಯಲ್ಲಿರುವ ಫೋನ್‌ನಿಂದಲೇ ಅರ್ಧಕ್ಕಿಂತ ಜಾಸ್ತಿ ಆಗುತ್ತದೆ. ಸಾಮಾನು ಇದ್ದೂ ಪ್ರಯೋಜನ ಆಗದಿರುವುದಕ್ಕೆ ಕಾರಣ ಬೇರೆ. ಒಂದು ವಿಡಿಯೊ ಹಾಕುತ್ತೇವೆ, ಮಕ್ಕಳು ನೋಡುತ್ತಾರೆ, ಬೆಲ್ ಹೊಡೆಯುತ್ತದೆ. ಮಗು ಏನೂ ಮಾಡಲಿಲ್ಲ, ಏನೂ ಬರೆಯಲಿಲ್ಲ. ನೆಟ್‌ನಿಂದ ತಂದದ್ದು ಮಗುವಿನ ಕೈಗೆ ಕೆಲಸ ಕೊಡಬೇಕು. ಕೆಳಗಿನ ಪ್ರತಿ ಹಂತದಲ್ಲೂ ನಾನು ಒತ್ತಿ ಹೇಳುವುದು ಇದನ್ನೇ.

ಮೊದಲು ಪಾಠ, ಆಮೇಲೆ ಹುಡುಕಾಟ

ಮುಂದಿನ ವಾರದ ಒಂದು ಪಾಠ ಆರಿಸಿಕೊಳ್ಳಿ. ಒಂದೇ ಸಾಕು. ಅದರಲ್ಲಿ ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದರೂ ಮಕ್ಕಳಿಗೆ ಹಿಡಿಯದ ಜಾಗ ಯಾವುದು? ಅದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಆ ಜಾಗಕ್ಕೆ ಮಾತ್ರ ನೆಟ್‌ನಲ್ಲಿ ಹುಡುಕಿ. ಒಂದು ಪಿರಿಯಡ್‌ಗೆ ಒಂದು ಲಿಂಕ್ ಸಾಕು. ಐದು ಲಿಂಕ್ ತೆಗೆದಿಟ್ಟರೆ ಐದನ್ನೂ ತೋರಿಸುವ ಅವಸರ ಶುರುವಾಗುತ್ತದೆ, ಪಾಠ ಹಿಂದೆ ಬೀಳುತ್ತದೆ.

ಎಲ್ಲಿ ಹುಡುಕುವುದು?

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ನಿಂದಲೇ ಶುರು ಮಾಡಿ. ಅದು 2017ರಲ್ಲಿ ಆರಂಭವಾದ, ಸರ್ಕಾರದ ಆನ್‌ಲೈನ್ ಪಾಠಗಳ ದೀಕ್ಷಾ ವೇದಿಕೆಗೆ ಕರೆದೊಯ್ಯುತ್ತದೆ. ವಿಜ್ಞಾನಕ್ಕೆ ಫೆಟ್ ಸಿಮ್ಯುಲೇಷನ್‌ಗಳಿವೆ, ಅಂದರೆ ಪರದೆ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಇದು. ಹಲವು ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಗಣಿತಕ್ಕೆ ಜಿಯೋಜೀಬ್ರಾ, ಆಕಾಶ ತೋರಿಸಲು ಸ್ಟೆಲೇರಿಯಂ. ಮನೆಯ ಹಳೇ ಸಾಮಾನಿನಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಅರವಿಂದ ಗುಪ್ತ ಅವರ ವೆಬ್‌ಸೈಟ್ ಹೇಳಿಕೊಡುತ್ತದೆ. ಓದಿಸಲು ಸ್ಟೋರಿವೀವರ್ ಇದೆ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಈ ತಾಣದಲ್ಲಿ ಕನ್ನಡ ಕಥೆಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಪ್ರಿಂಟ್ ಕೂಡ ಮಾಡಬಹುದು. ನಮ್ಮದೇ ರಾಜ್ಯದ ಶಿಕ್ಷಕರು ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನಂತೂ ಮರೆಯಬೇಡಿ.

ಹಿಂದಿನ ದಿನವೇ ಎಲ್ಲವನ್ನೂ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಫೆಟ್ ಫೈಲ್‌ಗಳು ನೆಟ್ ಇಲ್ಲದೆಯೂ ಓಡುತ್ತವೆ. ಪಾಠದ ಮಧ್ಯೆ ಪರದೆ ಮೇಲೆ ಚಕ್ರ ಸುತ್ತುತ್ತಾ ನಿಂತರೆ ಮಕ್ಕಳ ಗಮನವನ್ನು ಮತ್ತೆ ಎಳೆದು ತರುವುದು ಕಷ್ಟ.

ತೋರಿಸುವ ಮೊದಲು ಕೇಳಿ

ವಿದ್ಯುತ್ ಮಂಡಲದ ಪಾಠ ಎಂದುಕೊಳ್ಳೋಣ. ಫೆಟ್‌ನಲ್ಲಿ ಬ್ಯಾಟರಿ, ವೈರ್, ಬಲ್ಬ್ ಜೋಡಿಸುವ ಕಿಟ್ ಇದೆ. ಒಂದು ಬಲ್ಬ್ ಉರಿಸಿ. ಈಗ ನಿಲ್ಲಿಸಿ, ಕೇಳಿ: 'ಇದೇ ವೈರ್‌ನಲ್ಲಿ ಸಾಲಾಗಿ ಇನ್ನೊಂದು ಬಲ್ಬ್ ಸೇರಿಸಿದರೆ ಏನಾಗುತ್ತೆ? ಮೊದಲನೆಯದು ಮಂಕಾಗುತ್ತಾ, ಎರಡನೆಯದಾ, ಎರಡೂನಾ?' ಎಲ್ಲರೂ ನೋಟ್‌ಬುಕ್‌ನಲ್ಲಿ ಉತ್ತರ ಬರೆಯಲಿ. ಪಕ್ಕದವರಿಗೆ ಕಾರಣ ಹೇಳಲಿ. ಆಮೇಲೆ ಒಬ್ಬ ಹುಡುಗಿಯನ್ನು ಕರೆದು ಅವಳ ಕೈಯಿಂದಲೇ ಬಲ್ಬ್ ಎಳೆದು ಜೋಡಿಸಲು ಹೇಳಿ.

'ಮೊದಲನೇ ಬಲ್ಬ್ ಕರೆಂಟನ್ನು ತಿಂದುಬಿಡುತ್ತೆ, ಎರಡನೆಯದಕ್ಕೆ ಕಡಿಮೆ ಸಿಗುತ್ತೆ' ಎಂದು ನಂಬಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಪರದೆ ಮೇಲೆ ಎರಡೂ ಬಲ್ಬ್ ಒಂದೇ ಸಮ ಮಂಕಾಗುತ್ತವೆ. ಎಲೆಕ್ಟ್ರಾನ್‌ಗಳು ಇಡೀ ಸುತ್ತಿನಲ್ಲಿ ಒಂದೇ ವೇಗದಲ್ಲಿ ಸಾಗುವುದು ಕಣ್ಣಿಗೆ ಕಾಣುತ್ತದೆ. ಬ್ಯಾಟರಿಯ ಎರಡು ತುದಿಗೆ ನೇರ ವೈರ್ ಜೋಡಿಸಿದರೆ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಶಾರ್ಟ್ ಸರ್ಕ್ಯೂಟ್ ಎಂದರೇನು ಎಂದು ಆಮೇಲೆ ವಿವರಿಸಬೇಕಾಗಿಯೇ ಇಲ್ಲ. ಮನೆಯಲ್ಲಿ ಇದನ್ನು ಪ್ರಯೋಗ ಮಾಡಬಾರದು ಎಂದು ಆಗಲೇ ಗಟ್ಟಿಯಾಗಿ ಹೇಳಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಟಾರ್ಚ್ ಬಲ್ಬ್, ಹೋಲ್ಡರ್, ವೈರ್ ಎಲ್ಲ ಸಿಗುತ್ತವೆ. ಪರದೆಯಲ್ಲಿ ಕಂಡದ್ದನ್ನು ಅದೇ ವಾರ ನಿಜವಾದ ಬಲ್ಬ್, ಶೆಲ್ ಹಿಡಿದು ಮಾಡಿಸಿ.

ಎರಡು ಪುಟ, ಎದುರುಬದುರು

ನೆಟ್‌ನಲ್ಲಿ ಬಂದದ್ದೆಲ್ಲ ನಿಜವಲ್ಲ ಎಂದು ಮಕ್ಕಳಿಗೆ ಬರೀ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಮ್ಮೆ ಅವರೇ ಪರೀಕ್ಷೆ ಮಾಡಬೇಕು. ಅದಕ್ಕೆ ನಮ್ಮ ಊರಿನದೇ ಒಳ್ಳೆಯ ಉದಾಹರಣೆ ಇದೆ. ಬೆಂಗಳೂರು ಹುಟ್ಟಿದ್ದು 1537ರಲ್ಲಿ, ಕೆಂಪೇಗೌಡರಿಂದ ಎಂದು ಎಷ್ಟೋ ಪುಟಗಳಲ್ಲಿ ಬರೆದಿರುತ್ತದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ 'ಬೆಂಗಳೂರ ಕಾಳಗ'ದ ಮಾತಿದೆ ಎಂದು ಇನ್ನು ಕೆಲವು ಪುಟಗಳು ಹೇಳುತ್ತವೆ. ಎರಡನ್ನೂ ಪಕ್ಕಪಕ್ಕ ತೆರೆದಿಡಿ.

ಮಕ್ಕಳು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ಈ ಪುಟ ಬರೆದವರು ಯಾರು? ಯಾವಾಗ ಬರೆದರು? ಈ ಮಾತಿಗೆ ಆಧಾರ ಕೊಟ್ಟಿದ್ದಾರಾ? ಆ ಆಧಾರವನ್ನು ನಾವೇ ಹೋಗಿ ನೋಡಬಹುದಾ? ಕೊನೆಯ ಪ್ರಶ್ನೆಗೆ ಇಲ್ಲಿ ಉತ್ತರ 'ಹೌದು'. ಬೇಗೂರು ದೂರವೇನಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕುವ ದೊಡ್ಡ ಕೆಲಸ ಮಾಡುತ್ತಿದ್ದಾರೆ. ಚರ್ಚೆ ಮುಗಿಯುವ ಹೊತ್ತಿಗೆ ಮಕ್ಕಳೇ ವಾಕ್ಯ ತಿದ್ದುತ್ತಾರೆ: ಹೆಸರು ಹಳೆಯದು, ಕೋಟೆ ಪೇಟೆ ಕಟ್ಟಿ ಬೆಳೆಸಿದ್ದು ಕೆಂಪೇಗೌಡರು. ಹೀಗೆ ಒಮ್ಮೆ ತಿದ್ದಿದ ಮಕ್ಕಳು ಮುಂದಿನ ಪ್ರಾಜೆಕ್ಟ್‌ಗೆ ಕಣ್ಣುಮುಚ್ಚಿ ಕಾಪಿ ಹೊಡೆಯುವುದು ಕಡಿಮೆ.

ವಿಕಿಪೀಡಿಯವನ್ನು ನೋಡಲೇಬೇಡಿ ಎನ್ನುವುದು ಸರಿಯಲ್ಲ. 2003ರಿಂದ ಕನ್ನಡ ವಿಕಿಪೀಡಿಯವೂ ಇದೆ. ಪುಟದ ಕೆಳಗಿನ ಉಲ್ಲೇಖಗಳನ್ನು ಮತ್ತು 'ಇತಿಹಾಸ' ಎಂಬ ಗುಂಡಿಯನ್ನು ತೋರಿಸಿ. ಯಾರು ಏನು ತಿದ್ದಿದ್ದಾರೆ ಎಂದು ಕಂಡರೆ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ.

ಇನ್ನು ಬ್ಲಾಗ್

ಮೊದಲು ಎಚ್‌ಎಂ ಒಪ್ಪಿಗೆ ಪಡೆಯಿರಿ. ಪೋಷಕರ ಸಭೆಯಲ್ಲಿ ಅಥವಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಹೇಳಿ, ಪ್ರತಿ ಮನೆಯಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಖಾತೆ ಶಾಲೆಯ ಹೆಸರಿನಲ್ಲಿ ಒಂದೇ ಇರಲಿ. ಪಾಸ್‌ವರ್ಡ್ ಶಿಕ್ಷಕರ ಬಳಿ ಇರಲಿ. ಮಕ್ಕಳಿಗೆ ಬೇರೆ ಬೇರೆ ಖಾತೆ ಬೇಡ. ಗೂಗಲ್‌ನ ಉಚಿತ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲೇ ತೆರೆಯುವುದಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಮೂರು ಕೆಲಸ ಮಾಡಿ: ಓದುವವರನ್ನು ಆಹ್ವಾನಿತರಿಗೆ ಮಾತ್ರ ಸೀಮಿತಗೊಳಿಸಿ, ಸರ್ಚ್ ಎಂಜಿನ್‌ಗೆ ಕಾಣದಂತೆ ಮಾಡಿ, ಯಾವ ಕಾಮೆಂಟೂ ನಿಮ್ಮ ಒಪ್ಪಿಗೆ ಇಲ್ಲದೆ ಕಾಣದಂತೆ ಮಾಡರೇಷನ್ ಹಾಕಿ. ಒಂದು ಟರ್ಮ್ ಹೀಗೇ ನಡೆಸಿ ನೋಡಿ. ಎಲ್ಲರಿಗೂ ತೆರೆಯಬೇಕೋ ಬೇಡವೋ ಆಮೇಲೆ ಯೋಚಿಸಿದರಾಯಿತು.

ಪೋಸ್ಟ್‌ಗೆ ಮಗುವಿನ ಮೊದಲ ಹೆಸರು ಸಾಕು. ಸೆಕ್ಷನ್, ಮನೆ ವಿಳಾಸ, ಸ್ಕೂಲ್ ಬಸ್ ನಂಬರ್ ಯಾವುದೂ ಬೇಡ. ಮುಖ ಕಾಣುವ ಫೋಟೊ ಬಿಟ್ಟು ಕೈ, ಚಿತ್ರ, ನೋಟ್‌ಬುಕ್, ಗಿಡ ತೆಗೆಯಿರಿ. ಫೋನ್ ಕ್ಯಾಮೆರಾದಲ್ಲಿ ಲೊಕೇಷನ್ ಆಫ್ ಮಾಡಿ. ಇಲ್ಲದಿದ್ದರೆ ತೆಗೆದ ಜಾಗದ ಗುರುತು ಫೋಟೊ ಫೈಲ್‌ನೊಳಗೇ ಉಳಿದಿರುತ್ತದೆ.

ಟೈಪಿಂಗ್‌ಗೆ ಹೆದರಬೇಡಿ. ಫೋನ್‌ನ ಕನ್ನಡ ಕೀಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ, ತಪ್ಪನ್ನು ಮಕ್ಕಳೇ ತಿದ್ದಲಿ. ಅದೂ ಒಂದು ಕನ್ನಡ ಪಾಠವೇ. ಕಂಪ್ಯೂಟರ್‌ನಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಬ್ಲಾಗಿಗೆ ಅಂಟಿಸಿದರೆ ಅರ್ಥವಿಲ್ಲದ ಗೆರೆ, ಚಿಹ್ನೆ ಕಾಣುತ್ತವೆ. ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್ ಅಕ್ಷರದಲ್ಲೇ ಟೈಪ್ ಮಾಡಿ, ಅಥವಾ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಏನು ಬರೆಸುವುದು?

ಇಲ್ಲೇ ಬ್ಲಾಗ್ ಉಳಿಯುತ್ತದೆ ಅಥವಾ ಸೊರಗುತ್ತದೆ. 'ಮರಗಳ ಮಹತ್ವ' ಎಂದು ವಿಷಯ ಕೊಟ್ಟರೆ ಗೂಗಲ್ ಬರೆದುಕೊಡುತ್ತದೆ. ಮಗುವಿಗೆ ಮಾತ್ರ ಗೊತ್ತಿರುವುದನ್ನು ಕೇಳಿ. 'ನಿಮ್ಮ ಬಸ್‌ಸ್ಟಾಪ್ ಹತ್ತಿರ ಇರುವ ಒಂದು ಮರವನ್ನು ನಾಲ್ಕು ವಾರ ನೋಡಿ ಬರೆಯಿರಿ' ಎನ್ನಿ. ಫೆಬ್ರವರಿ–ಮಾರ್ಚ್ ಆದರೆ ಹೊಂಗೆ ಮರ ಒಳ್ಳೆಯದು. ಎಲೆ ಹಳದಿಯಾಗುವುದು, ಉದುರುವುದು, ಹೊಳೆಯುವ ತಿಳಿ ಹಸಿರು ಚಿಗುರು ಬರುವುದು, ಎಲ್ಲ ಬೇಗಬೇಗ ನಡೆದುಹೋಗುತ್ತವೆ.

'ಹೊಂಗೆ ಮರ ತುಂಬಾ ಉಪಯುಕ್ತ' ಎಂದು ಬರೆದು ತಂದರೆ ಹಿಂದಿರುಗಿಸಿ. 'ಸೋಮವಾರ ಕೆಳಗಿನ ಕೊಂಬೆಯಲ್ಲಿ ಮಾತ್ರ ಚಿಗುರು ಇತ್ತು, ಶುಕ್ರವಾರ ಅರ್ಧ ಮರ ಹಸಿರಾಗಿತ್ತು, ಕೆಳಗೆ ಇಡ್ಲಿ ಗಾಡಿ ಆಂಟಿ ದಿನಾ ಎಲೆ ಗುಡಿಸುತ್ತಾರೆ' ಎಂದು ಬರೆದರೆ ತಕ್ಷಣ ಹಾಕಿ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳು ಒಂದು ಮರವನ್ನು ವಾರವಾರ ನೋಡಿ ದಾಖಲಿಸುತ್ತಾರೆ. ಬೇಕಿದ್ದರೆ ನಿಮ್ಮ ತರಗತಿಯೂ ಸೇರಬಹುದು.

ನೂರು, ನೂರೈವತ್ತು ಪದ ಸಾಕು. ವಾರಕ್ಕೆ ಒಂದು ಗುಂಪು ಬರೆಯಲಿ, ಇನ್ನೊಂದು ಗುಂಪು ಕಾಮೆಂಟ್ ಮಾಡಲಿ. 'ಸೂಪರ್', 'ಚೆನ್ನಾಗಿದೆ' ಎನ್ನುವ ಕಾಮೆಂಟ್ ಬೇಡ, ಒಂದು ಪ್ರಶ್ನೆ ಕೇಳಲೇಬೇಕು ಎಂದು ನಿಯಮ ಮಾಡಿ. ಬರೆದವರು ಉತ್ತರ ಕೊಡಲು ಮತ್ತೆ ಮರದ ಹತ್ತಿರ ಹೋಗಬೇಕಾಗುತ್ತದೆ ಅಲ್ವಾ, ಅದೇ ನಮಗೆ ಬೇಕಾದದ್ದು.

ಚಿತ್ರಗಳನ್ನು ಗೂಗಲ್‌ನಿಂದ ಸುಮ್ನೆ ಎತ್ತಿಕೊಳ್ಳಬಾರದು. ಮಕ್ಕಳೇ ಬಿಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಇಲ್ಲವೇ ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಭಂಡಾರ ವಿಕಿಮೀಡಿಯ ಕಾಮನ್ಸ್‌ನಿಂದ ಪಡೆದು, ಅಲ್ಲಿ ಹೇಳಿರುವಂತೆ ಚಿತ್ರ ತೆಗೆದವರ ಹೆಸರು, ಲೈಸೆನ್ಸ್ (ಬಳಕೆಯ ಷರತ್ತು) ಬರೆಯಿರಿ.

ಮನೆಯಲ್ಲಿ ಫೋನ್ ಇಲ್ಲದ, ಅಥವಾ ಅಪ್ಪ ಕೆಲಸದಿಂದ ಬಂದ ಮೇಲಷ್ಟೇ ಫೋನ್ ಸಿಗುವ ಮಕ್ಕಳಿಗೆ ಬ್ಲಾಗಿನ ಕೆಲಸವನ್ನು ಹೋಂವರ್ಕ್ ಆಗಿ ಕೊಡಬೇಡಿ. ಎಲ್ಲವೂ ಶಾಲೆಯಲ್ಲೇ, ಪಿರಿಯಡ್‌ನಲ್ಲೇ ನಡೆಯಲಿ. ತಿಂಗಳಿಗೊಮ್ಮೆ ಪೋಸ್ಟ್‌ಗಳ ಪ್ರಿಂಟ್ ತೆಗೆದು ಕಾರಿಡಾರ್ ಗೋಡೆಗೆ ಅಂಟಿಸಿ.

ವರ್ಷದ ಕೊನೆಗೆ

ಯಾವ ಪೋಷಕರಾದರೂ ತಮ್ಮ ಮಗುವಿನ ಬರಹ ತೆಗೆಯಿರಿ ಎಂದರೆ ಕಾರಣ ಕೇಳದೆ ಅವತ್ತೇ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಆಯ್ಕೆ ಇದೆ, ಇಡೀ ಬ್ಲಾಗನ್ನು ಫೈಲ್ ಆಗಿ ಇಳಿಸಿ ಶಾಲೆಯ ಕಂಪ್ಯೂಟರ್‌ನಲ್ಲಿ ಇಡಿ. ನಿಮಗೆ ಬೇರೆ ಶಾಲೆಗೆ ವರ್ಗಾವಣೆ ಆಗಬಹುದು. ಆದ್ದರಿಂದ ಖಾತೆಯ ಪಾಸ್‌ವರ್ಡ್ ಮತ್ತು ಪೋಷಕರ ಒಪ್ಪಿಗೆ ಪತ್ರಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಎಚ್‌ಎಂ ಬೀರುವಿನಲ್ಲಿ ಇಡಿ. ಜೂನ್‌ನಲ್ಲಿ ಬರುವ ಟೀಚರ್ ಅಲ್ಲಿಂದಲೇ ಮುಂದುವರಿಸಬಹುದು.