ಬೋಣಿ ದುಡ್ಡು ಕೊಟ್ಟು ನೋಡಿದೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ನಲ್ಲಿ, ಪೇಂಟು. ಹುಟ್ಟಿದಾಗಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಭಾನುವಾರದ ಆರಾಧನೆ ತಪ್ಪಿಸಿದವನಲ್ಲ. ಆದರೆ ನಿಜ ಹೇಳಬೇಕೆಂದರೆ ರಾತ್ರಿ ನನಗೆ ನಿದ್ದೆ ಬರುತ್ತಿದ್ದದ್ದು ದೇವರಿದ್ದಾನೆ ಅಂತಲ್ಲ, ಎಫ್‌ಡಿ ಇದೆ ಅಂತ.

ಬಡ್ಡಿ ಸ್ವಲ್ಪ ಜಾಸ್ತಿ ಅಂತ ಏಳು ಲಕ್ಷವನ್ನೂ ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದೆ. ಒಂದು ದಿನ ಹಣ ತೆಗೆಯುವ ಹಾಗಿಲ್ಲ ಅಂದರು. ಠೇವಣಿಗೆ ವಿಮೆ ಇರುತ್ತದೆ ಅನ್ನೋದೇ ನನಗೆ ಗೊತ್ತಾಗಿದ್ದು ಆಗ. 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ. ಅದಕ್ಕೂ ಮುಂಚೆ ಬರೀ 1 ಲಕ್ಷ. ಆ ಐದು ಲಕ್ಷ ತಡವಾಗಿ ಬಂತು. ಉಳಿದದ್ದಕ್ಕೆ ಇನ್ನೂ ಅಲೆಯುತ್ತಿದ್ದೇನೆ.

ಆಗೆಲ್ಲ ರಾತ್ರಿ ಎರಡಕ್ಕೆ ಎದ್ದು ಹಳೇ ಬಿಲ್‌ಬುಕ್ಕಿನ ಹಿಂದೆ ಲೆಕ್ಕ ಬರೆಯುತ್ತಿದ್ದೆ. ಒಂದು ರಾತ್ರಿ ಹೆಂಡತಿ ಲೈಟ್ ಹಾಕಿ, "ಎಷ್ಟು ಸಲ ಕೂಡಿಸಿದ್ರೂ ಅಷ್ಟೇ ಬರತೈತ್ರಿ, ಮಲಕೋರಿ" ಅಂದಳು.

ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಬಾಯಿಪಾಠ ಆಗಿ ನಲವತ್ತು ವರ್ಷವಾಗಿರಬೇಕು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಆ "ಈ ಹೊತ್ತು" ನನ್ನ ಕಿವಿಗೆ ಬಿದ್ದಿದ್ದು ಆ ವರ್ಷವೇ. ನಾನು ಮನಸ್ಸಿನಲ್ಲಿ ಕೇಳುತ್ತಿದ್ದದ್ದು ಇಪ್ಪತ್ತು ವರ್ಷದ್ದು! ಬೈಬಲಿನ ವಿಮೋಚನಕಾಂಡದಲ್ಲಿ ಮನ್ನದ ಕಥೆ ಇದೆಯಲ್ಲ, ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ದಿನದಿನದ ಆಹಾರ, ಅದನ್ನು ನಾಳೆಗಿರಲಿ ಅಂತ ಎತ್ತಿಟ್ಟವರದ್ದು ಬೆಳಿಗ್ಗೆ ಹುಳ ಬಿದ್ದು ನಾರುತ್ತಿತ್ತು. ಹಾಗಂತ ಉಳಿತಾಯವೇ ಪಾಪ ಅಂತ ನಾನು ಹೇಳಲ್ಲ. ಅದೇ ಬೈಬಲಿನ ಯೋಸೇಫನೇ ಬರಗಾಲಕ್ಕಿರಲಿ ಅಂತ ಈಜಿಪ್ಟಿನಲ್ಲಿ ಏಳು ವರ್ಷ ಬೆಳೆಯ ಐದನೇ ಒಂದು ಪಾಲು ಕೂಡಿಡಿಸಿದ್ದ. ನನಗೆ ಈಗಲೂ ಎಫ್‌ಡಿ ಇದೆ, ಎರಡು ಬ್ಯಾಂಕಿನಲ್ಲಿ.

ಭಯ ಹೋಗಬೇಕಿತ್ತು. ಪ್ರಾರ್ಥನೆ ಮಾಡುತ್ತಿದ್ದೆ, ಸತ್ಯವೇದ ಓದುತ್ತಿದ್ದೆ, ಅದು ಹೋಗಲಿಲ್ಲ. ಆಗ ನೆನಪಾದದ್ದು ಅವ್ವ. ಅಡುಗೆಗೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು, ಮೂಲೆಯ ಗಡಿಗೆಗೆ ಹಾಕಿಯೇ ಎಸರಿಗೆ ಸುರಿಯುತ್ತಿದ್ದಳು. ಆ ಹಿಡಿ ಸಭೆಗೆ. ಮಿಜೋರಾಂನ ಕ್ರೈಸ್ತ ಹೆಂಗಸರು 1910ರಿಂದ ಹೀಗೇ ಮಾಡುತ್ತಾ ಬಂದಿದ್ದಾರಂತೆ, ಅದು ನನಗೆ ತಿಳಿದದ್ದು ಈಚೆಗೆ. ಅಕ್ಕಿ ತಳ ಕಂಡ ದಿನವೂ ಅವ್ವನ ಕೈ ತಡೆದದ್ದು ನಾನು ನೋಡಿಲ್ಲ.

ನನ್ನ ಅಂಗಡಿಯಲ್ಲಿ ಅಕ್ಕಿ ಇಲ್ಲ, ಬೋಣಿ ಇದೆ, ದಿನದ ಮೊದಲ ವ್ಯಾಪಾರದ ದುಡ್ಡು. ವ್ಯಾಪಾರದವರಿಗೆ ಗೊತ್ತು, ಬೋಣಿ ಹೊತ್ತಿಗೆ ಉದ್ರಿ ಕೊಡಲ್ಲ, ಆ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತೇವೆ. ದೇವರೊಬ್ಬನೇ ಅಂತ ಹಾಡುವ ನಾನೂ ದಿನಾ ಹಾಗೇ ಮಾಡುತ್ತಿದ್ದೆ. ಅದನ್ನೇ ಕೊಟ್ಟುಬಿಡೋಣ ಅಂತ ತೀರ್ಮಾನಿಸಿದೆ. ಖಾಲಿ ಪೇಂಟ್ ಡಬ್ಬಿ ತೊಳೆದು ಮುಚ್ಚಳಕ್ಕೆ ಸೀಳು ಮಾಡಿದೆ. ಮೊದಲ ದಿನ ಬಿದ್ದದ್ದು ಒಂದು ಟೆಫ್ಲಾನ್ ಟೇಪಿನ 20 ರೂಪಾಯಿ. ಅಷ್ಟಕ್ಕೇ ಸಂಜೆವರೆಗೂ ಇವತ್ತು ವ್ಯಾಪಾರ ಆಗಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ. ಆಯಿತು, ಎಂದಿನಷ್ಟೇ ಆಯಿತು. ಕೊಟ್ಟದ್ದಕ್ಕೆ ದೇವರು ದುಪ್ಪಟ್ಟು ಕೊಡುತ್ತಾನೆ ಅಂತ ಕೆಲವರು ಬೋಧಿಸುತ್ತಾರೆ, ಅದು ನನಗೆ ಬಡ್ಡಿ ಲೆಕ್ಕದ ಹಾಗೇ ಕೇಳಿಸುತ್ತದೆ. ನನಗೇನೂ ದುಪ್ಪಟ್ಟಾಗಿಲ್ಲ. ತಿಂಗಳ ಕೊನೆಗೆ ಡಬ್ಬಿ ಒಡೆದು ಯಾರದ್ದೋ ಔಷಧಿಗೆ, ಯಾವುದೋ ಮಗುವಿನ ಫೀಸಿಗೆ ಕೊಡುತ್ತೇವೆ. ಬಿಲ್‌ಬುಕ್ಕಿನ ಹಿಂದೆ ಬರೆಯುವುದು ಎಂದು ನಿಂತಿತೋ ಗೊತ್ತಿಲ್ಲ.

ಹೋದ ವಾರ ಒಬ್ಬರು ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಬಂದು ಪಂಪ್‌ಸೆಟ್ ಒಯ್ದರು, 6,800 ರೂಪಾಯಿ ನಗದು. ಇದು ಬೋಣಿಯೋ ಅಲ್ಲವೋ ಅಂತ ನೋಟು ಹಿಡಿದು ನಿಂತೇ ಇದ್ದೆ. ಹೆಂಡತಿ ಡಬ್ಬಿ ತಂದು ಮುಂದಿಟ್ಟು ಚಹಾ ಮಾಡಲು ಹೋದಳು. ಸೀಳು ಸಣ್ಣದು, ಒಂದೊಂದೇ ನೋಟು ಮಡಚಿ ಹಾಕಬೇಕಾಯಿತು.